ಗುಳಿಗಿ ಬಿಡಬ್ಯಾಡ, ಪ್ರಾರ್ಥನೆನೂ ಬಿಡಬ್ಯಾಡ

ಗುಳೇದಗುಡ್ಡ

ಪ್ರೀತಿಯ ಮಗಳೇ,

ಕರ್ತನ ನಾಮದಲ್ಲಿ ಆಶೀರ್ವಾದಗಳು.

ಮೊನ್ನೆ ನೀನು ಬೆಳಗಾವಿಯಿಂದ ಫೋನ್ ಮಾಡಿದಾಗ ನಿಮ್ಮ ಕಾಕಾ ಪಕ್ಕದಲ್ಲೇ ಕೂತಿದ್ದ, ಬಿಡಿಸಿ ಹೇಳಲಾಗಲಿಲ್ಲ. ಹಾಸ್ಟೆಲಿನ ಪ್ರಾರ್ಥನಾ ಕೂಟಕ್ಕೆ ಬಂದ ಬೋಧಕರೊಬ್ಬರು, ವಿಶ್ವಾಸ ಇದ್ದವರಿಗೆ ಮನಸ್ಸಿನ ರೋಗದ ಗುಳಿಗೆ ಯಾಕೆ ಬೇಕು ಅಂದರಂತೆ. ಅದನ್ನು ಕೇಳಿ ನೀನು ಗುಳಿಗೆ ನಿಲ್ಲಿಸಿದೀಯಂತೆ. ಮೊದಲು ಡಾಕ್ಟರಿಗೆ ಫೋನ್ ಮಾಡಿ ಅದನ್ನು ಹೇಳು, ಆಮೇಲೆ ಈ ಪತ್ರ ಓದು.

ನಿಮ್ಮಪ್ಪ ತೀರಿಕೊಂಡ ವರ್ಷ ನಾನು ಹೇಗಿದ್ದೆ ಅನ್ನುವುದು ನಿನಗೆ ಅರೆಬರೆ ನೆನಪಿರಬೇಕು. ಮಗ್ಗದಲ್ಲಿ ಕೂತರೆ ಕೈ ಲಾಳಿ ಹಿಡಿಯುತ್ತಿರಲಿಲ್ಲ. ನೇಯಲು ಹಿಡಿದ ಖಣ ಅರ್ಧಕ್ಕೇ ನಿಂತಿತ್ತು. ನಸುಕಿನ ಮೂರಕ್ಕೇ ಎಚ್ಚರ. "ಕರ್ತನೇ" ಅಂದ ಮೇಲೆ ಮುಂದಿನ ಮಾತೇ ಬರುತ್ತಿರಲಿಲ್ಲ. ಭಾನುವಾರ ಚರ್ಚಿಗೆ ಹೋಗಿ ಸುಮ್ಮನೆ ಕೂರುತ್ತಿದ್ದೆ. ಪಕ್ಕದಲ್ಲೊಬ್ಬ ಆಯಿ ಇರುತ್ತಿದ್ದಳು, ಅಕ್ಷರ ಬಾರದವಳು. ನನ್ನ ತೊಡೆಯ ಮೇಲಿದ್ದ ಕೀರ್ತನೆ ಪುಸ್ತಕ ತೆರೆದು, ಸಾಲಿನ ಕೆಳಗೆ ಬೆರಳಿಟ್ಟು, ನನ್ನ ಕಿವಿಯ ಹತ್ತಿರವೇ ಹಾಡುತ್ತಿದ್ದಳು. ಎಷ್ಟೋ ಸಲ ಬೆರಳಿಟ್ಟ ಹಾಡು ಬೇರೆ, ಬಾಯಲ್ಲಿದ್ದ ಹಾಡು ಬೇರೆ! "ನೀ ಸುಮ್ನ ಕೂಡ ತಂಗಿ, ನಿನ್ನ ಪಾಲಿಂದೂ ನಾನ ಹಾಡ್ತೀನಿ" ಅಂದಳು. ಆಗ ನನಗಿದ್ದ ವಿಶ್ವಾಸ ಅಷ್ಟೇ, ಅದೂ ಅವಳದು. ಅದು ಸಾಲದು ಅಂತ ಯಾರಾದರೂ ಹೇಳಿದ್ದರೆ ನಾನು ಚರ್ಚಿನ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ.

ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ನನ್ನನ್ನು ಹೊರಡಿಸಿದವರು ನಮ್ಮ ಚರ್ಚಿನ ಅಯ್ಯನವರೇ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಪ್ರಾರ್ಥನೆ ಮಾಡಿದರು, ತಾವೇ ಟಿಕೆಟ್ ತೆಗೆಸಿದರು. ಯುರೋಪಿನ ಬಾಸೆಲ್ ಮಿಷನ್ನಿನ ಪಾದ್ರಿಗಳು 1851ರಲ್ಲಿ ನಮ್ಮೂರಿಗೆ ಬಂದು ನೆಲೆ ನಿಂತರು. ಅವರ ಸುವಾರ್ತೆಯ ಹಿಂದೆ ಶಾಲೆಯೂ ಬಂತು, ಔಷಧಿಯೂ ಬಂತು. ಬರೀ ಪ್ರಾರ್ಥನೆ ಸಾಕು ಅನ್ನುವವರಾಗಿದ್ದರೆ ಬೆಟಗೇರಿಯಲ್ಲಿ ಜರ್ಮನ್ ದವಾಖಾನೆ ಯಾಕೆ ಕಟ್ಟುತ್ತಿದ್ದರು? ಬೈಬಲಿನಲ್ಲೇ ನೋಡು, ಅಪೊಸ್ತಲ ಪೌಲನ ಜೊತೆಗಿದ್ದ ಲೂಕ ವೈದ್ಯ. ತನ್ನ ಶಿಷ್ಯ ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಅಂತ ಪೌಲ ಬರೆದ, ನಿನ್ನ ವಿಶ್ವಾಸ ಕಡಿಮೆ ಅಂತ ಬರೆಯಲಿಲ್ಲ.

ಮಾರ್ಕನ ಸುವಾರ್ತೆಯ ಎಂಟನೇ ಅಧ್ಯಾಯ ತೆಗೆದು ನೋಡು, ಬೇತ್ಸಾಯಿದದ ಕುರುಡನ ಕಥೆ. ಯೇಸು ಅವನ ಕೈ ಹಿಡಿದು ಊರ ಹೊರಗೆ ಕರೆದುಕೊಂಡು ಹೋದ, ಕಣ್ಣಿಗೆ ಉಗುಳು ಹಚ್ಚಿ ಕೈಯಿಟ್ಟ, ಏನಾದರೂ ಕಾಣುತ್ತದೋ ಅಂತ ಕೇಳಿದ. ಮನುಷ್ಯರು ಕಾಣುತ್ತಾರೆ, ಆದರೆ ಮರಗಳು ನಡೆದಾಡಿದ ಹಾಗೆ ಅಂದ ಅವನು. ಯೇಸು ಬೈಯಲಿಲ್ಲ. ಮತ್ತೊಮ್ಮೆ ಕೈಯಿಟ್ಟ, ಆಗ ಎಲ್ಲವೂ ಸ್ಪಷ್ಟವಾಯಿತು. ದೇವರ ಮಗನೇ ಎರಡು ಸಲ ಮುಟ್ಟಿದ. ಅರ್ಧ ಕಂಡವನು ಅರ್ಧ ಅಂತ ನಿಜವನ್ನೇ ಹೇಳಿದ್ದು ನನಗೆ ಬಹಳ ಹಿಡಿಸುತ್ತದೆ. ನಮ್ಮ ಸಾಕ್ಷಿ ಕೂಟಗಳಲ್ಲಿ ಹಾಗೆ ಎದ್ದು ಹೇಳುವವರು ಸಿಗುವುದೇ ಅಪರೂಪ.

ನನಗೂ ಒಂದೇ ಸಲಕ್ಕೆ ಬೆಳಕಾಗಲಿಲ್ಲ. ಗುಳಿಗೆ ಶುರುವಾಗಿ ಎಷ್ಟೋ ವಾರದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಕಡಿಮೆ ಅನ್ನಿಸಿತು. ಬಹಳ ದಿನದಿಂದ ಉಪ್ಪು ಹೆಚ್ಚೋ ಕಡಿಮೆಯೋ ನನಗೆ ತಿಳಿಯುತ್ತಲೇ ಇರಲಿಲ್ಲ. ಎದ್ದು ಉಪ್ಪು ಹಾಕಿಕೊಂಡೆ. ಆ ರಾತ್ರಿ "ಕರ್ತನೇ" ಅಂದ ಮೇಲೆ ಇನ್ನೆರಡು ಮಾತು ಬಂದವು.

ಈ ರೋಗ ಯಾರ ಪಾಪದ ಫಲ ಅಂತ ನಿನ್ನನ್ನು ಯಾರಾದರೂ ಕೇಳಿದರೆ, ಅದೇ ಪ್ರಶ್ನೆಯನ್ನು ಶಿಷ್ಯರು ಹುಟ್ಟುಗುರುಡನ ಎದುರೇ ಕೇಳಿದ್ದರು ಅನ್ನು. ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಅಂದ ಯೇಸು. ಯೋಹಾನನ ಸುವಾರ್ತೆಯ ಒಂಬತ್ತನೇ ಅಧ್ಯಾಯದಲ್ಲಿದೆ, ತೆಗೆದು ತೋರಿಸು.

ಕೂಟಕ್ಕೆ ಹೋಗು, ಆದರೆ ಆ ಬೋಧಕರ ಜೊತೆ ವಾದಕ್ಕೆ ಇಳಿಯಬೇಡ. ಡಾಕ್ಟರ ಹತ್ತಿರ ಹೋದಾಗ ನಿದ್ದೆಯ ವಿಷಯ ಮುಚ್ಚಿಡದೆ ಹೇಳು. ಒಬ್ಬಳೇ ಹೋಗಲು ಅಂಜಿಕೆಯಾದರೆ ತಿಳಿಸು, ಹಿಂದಿನ ದಿನವೇ ಬಂದುಬಿಡುತ್ತೇನೆ. ಶೇಂಗಾ ಹಿಂಡಿ ಕಳಿಸಿದ್ದೇನೆ, ರೂಮಿನ ಹುಡುಗಿಯರಿಗೂ ಕೊಡು.

ನಿನ್ನ ಅವ್ವ