ಗೇಟಿನ ಹೊರಗೆ ನಿಂತು ಕೂಗುವವನು

ಪ್ರೀತಿಯ ತಮ್ಮನಿಗೆ,

ನೀನು ಕಳಿಸಿದ ರ‍್ಯಾಪ್ ಸಾಲುಗಳನ್ನು ಎರಡು ಸಲ ಓದಿದೆ. ಪ್ರಾಸ ಚೆನ್ನಾಗಿ ಕೂತಿದೆ, ಸಿಟ್ಟೂ ನಿಜವಾದದ್ದೇ. ಆದರೆ ಅಧಿಕಾರದಲ್ಲಿರುವವರನ್ನು ಹನ್ನೊಂದು ಕಡೆ ‘ಕಳ್ಳರು’ ಎಂದು ಬೈದಿದ್ದೀಯ. ಕಳುವಾದದ್ದು ಏನೆಂದು ಒಂದು ಕಡೆಯೂ ಹೇಳಿಲ್ಲ.

ಫಿಲಿಪ್ಪೀನ್ಸ್‌ನ ರ‍್ಯಾಪರ್ ಗ್ಲಾಕ್-9ನನ್ನು ಕೇಳಿದ್ದೀಯಾ? ನಿಜ ಹೆಸರು ಅರಿಸ್ಟಾಟಲ್ ಪೊಲಿಸ್ಕೊ. ಹುಟ್ಟಿದ್ದು 1977ರಲ್ಲಿ, ಊರು ರಿಸಾಲ್ ಪ್ರಾಂತ್ಯದ ಬಿನಂಗೋನನ್. ಮನೆಯವರು ತತ್ವಜ್ಞಾನಿಯ ಹೆಸರಿಟ್ಟರೆ ಇವನು ಪಿಸ್ತೂಲನ್ನು ನೆನಪಿಸುವ ಹೆಸರು ಇಟ್ಟುಕೊಂಡ! ‘ಡೆತ್ ಥ್ರೆಟ್’ ಎಂಬ ಗ್ಯಾಂಗ್‌ಸ್ಟರ್ ರ‍್ಯಾಪ್ ತಂಡದಲ್ಲಿ ಪಳಗಿದವನು. 1990ರ ದಶಕದಲ್ಲಿ ಅಲ್ಲಿನ ರ‍್ಯಾಪ್‌ಗೆ ಮನೆಮನೆಯ ಬಾಗಿಲು ತೆರೆಸಿದ ಫ್ರಾನ್ಸಿಸ್ ಮಗಲೋನಾನನ್ನು ಆದರ್ಶವೆಂದು ಕಂಡವನು. ಹೆಸರು ಬಂದ ಮೇಲೂ ನರ್ಸಿಂಗ್ ಓದಿದ. ಉಸಿರು ಬಿಡದೆ ಹಾಡುವುದರಲ್ಲಿ ನಿನ್ನ ಹಾಗೆಯೇ ಹುಚ್ಚು. ಆದರೆ ಆ ವೇಗದಲ್ಲೂ ಒಂದು ಅಕ್ಷರ ನುಂಗುವುದಿಲ್ಲ.

ಅವನ 2009ರ ಹಾಡು ‘ಉಪುವಾನ್’, ಎಂದರೆ ಕುರ್ಚಿ. ನನಗೆ ತಗಾಲೋಗ್ ಬಾರದು, ಅರ್ಥವನ್ನು ಪಕ್ಕದಲ್ಲಿಟ್ಟುಕೊಂಡು ಕೇಳಿದೆ. ಆ ಭಾಷೆಯಲ್ಲಿ ‘ಪೋ’ ಎಂಬ ಪುಟ್ಟ ಪದವಿದೆ, ಹಿರಿಯರೊಡನೆ ಮಾತಾಡುವಾಗ ಸೇರಿಸುವುದು. ನಮ್ಮ ‘ತಾವು’, ‘ರೀ’ ಇದ್ದಂತೆ. ಪರರ ಮನೆಯ ಬಾಗಿಲಿಗೆ ಹೋದವರು ‘ತಾವೊ ಪೋ’ ಎಂದು ಕೂಗುತ್ತಾರೆ. ಬಳಕೆಯಲ್ಲಿ ಅದು ‘ಯಾರಿದ್ದೀರಿ ಒಳಗೆ?’ ಎಂಬುದಷ್ಟೇ, ಆದರೆ ‘ತಾವೊ’ ಎಂದರೆ ಮನುಷ್ಯ. ದೊಡ್ಡ ಮನೆ, ವಿಶಾಲ ಅಂಗಳ, ಎತ್ತರದ ಗೋಡೆ. ಅದರ ಹೊರಗೆ ನಿಂತು ಬಡವನೊಬ್ಬ ಅಧಿಕಾರದ ಕುರ್ಚಿಯಲ್ಲಿ ಕುಳಿತವನನ್ನು ಹಾಗೆ ಕರೆಯುತ್ತಾನೆ. ಕ್ಷಮೆ ಕೇಳಿಕೊಂಡೇ ಮಾತು ತೆಗೆಯುತ್ತಾನೆ. ನಮ್ಮ ಮನೆಯ ಅಕ್ಕಿ ಅಳೆಯುವ ಡಬ್ಬಿ ತುಂಬುವುದಿಲ್ಲ, ಗೋಡೆ ಎಂದರೆ ತೇಪೆ ಹಾಕಿದ ತಗಡು, ಒಮ್ಮೆ ಎದ್ದು ನಿಂತು ನೋಡಿ ಎನ್ನುತ್ತಾನೆ. ಇಷ್ಟು ಮರ್ಯಾದೆಯಿಂದ ಕೇಳಿದರೆ ಒಳಗಿರುವವನು ಮುಖ ಎಲ್ಲಿಟ್ಟುಕೊಳ್ಳಬೇಕು? ನೀನು ‘ಕಳ್ಳ’ ಎಂದಾಗ ಅವನು ಕಾವಲುಗಾರನನ್ನು ಕರೆದರಾಯಿತು.

ಹಾಗೆಂದು ಗ್ಲಾಕ್-9ನದೆಲ್ಲವೂ ನನಗೆ ಒಪ್ಪಿಗೆಯಲ್ಲ. 2012ರ ‘ಸಿರೇನಾ’ (ಎಂದರೆ ಮತ್ಸ್ಯಕನ್ಯೆ) ಹಾಡಿನಲ್ಲಿ, ಹೆಣ್ಣಿನಂತೆ ನಡೆದುಕೊಳ್ಳುವ ಮಗನನ್ನು ಅಪ್ಪ ಡ್ರಮ್ಮಿನ ನೀರಿನಲ್ಲಿ ಮುಳುಗಿಸುತ್ತಾನೆ. ಹುಡುಗ ತನ್ನನ್ನು ಮತ್ಸ್ಯಕನ್ಯೆ ಎಂದುಕೊಳ್ಳುತ್ತಾನೆ. ಉಸಿರುಗಟ್ಟಿಸುವ ನೀರನ್ನೇ ತನ್ನ ಮನೆ ಮಾಡಿಕೊಳ್ಳುವ ಆ ಉಪಮೆಗೆ ನಾನು ಎದ್ದು ಕೂತೆ. ಕೊನೆಗೆ ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳುವವನು ಅದೇ ಮಗ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅಪ್ಪ ಕ್ಷಮೆ ಕೇಳಿ, ಧೈರ್ಯಕ್ಕೂ ಮೀಸೆಗೂ ಸಂಬಂಧವಿಲ್ಲವೆಂದು ಬಾಯಿಬಿಟ್ಟು ಹೇಳುತ್ತಾನೆ. ನಾನಾಗಿದ್ದರೆ ಆ ಮಾತನ್ನು ಹೊಡೆದುಹಾಕುತ್ತಿದ್ದೆ. ಅದನ್ನು ಕೇಳಿ ಅತ್ತವರು ನನ್ನೊಡನೆ ಜಗಳವಾಡಬಹುದು, ಆಡಲಿ.

ನಿನ್ನ ಮೂರನೆಯ ಚರಣದಲ್ಲಿ ಒಬ್ಬ ಅಜ್ಜಿ ಬಂದು ಒಂದೇ ಸಾಲಿಗೆ ಮಾಯವಾಗುತ್ತಾಳೆ. ಪಡಿತರ ಅಂಗಡಿಯ ಯಂತ್ರ ಅವಳ ಬೆರಳಚ್ಚನ್ನು ಒಪ್ಪುವುದಿಲ್ಲ. ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದಳೇ? ಹಿಂದೆ ನಿಂತವರು ಏನೆಂದರು? ಖಾಲಿ ಚೀಲವನ್ನು ಮಡಚಿಕೊಂಡಳೇ, ಹಾಗೇ ಹಿಡಿದು ನಡೆದಳೇ? ನೀನು ಅಲ್ಲಿದ್ದೆ, ನಾನಿರಲಿಲ್ಲ. ಬರೆದು ಕಳಿಸು.

ನಿನ್ನ
ಅಣ್ಣ