ರೋಮ್‌ಗೆ ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ಮಾರ್ಚ್‌ನಲ್ಲಿ ಮ್ಯೂನಿಕ್‌ನಿಂದ ರೋಮ್‌ಗೆ ಹೋಗುವ ಆಸೆಯಿದೆ, ಆದರೆ ಕೈಯಲ್ಲಿ ದುಡ್ಡು ಕಮ್ಮಿ, ಕೆಲಸ ಸಿಕ್ಕ ಮೇಲೆ ನೋಡೋಣ ಅಂದೆಯಲ್ಲ, ಅದಕ್ಕೇ ಈ ಕಾಗದ. ಮುಂದಕ್ಕೆ ಹಾಕಬೇಡ, ಹೋಗಿ ಬಾ. ನಾನೂ ನಿನ್ನ ಚಿಕ್ಕಮ್ಮನೂ ಆ ಊರನ್ನು ಕೈ ಬಿಗಿ ಹಿಡಿದೇ ನೋಡಿದ್ದು. ಏನೋ ತಪ್ಪಿಹೋಯಿತು ಅಂತ ಇವತ್ತಿನವರೆಗೂ ಅನ್ನಿಸಿಲ್ಲ. ಅಲ್ಲಿನ ಎಷ್ಟೋ ಶ್ರೇಷ್ಠ ಕಲಾಕೃತಿಗಳಿಗೆ ಟಿಕೆಟ್ಟೇ ಇಲ್ಲ, ಚರ್ಚಿನ ಬಾಗಿಲು ತಳ್ಳಿ ಒಳಗೆ ಹೋದರಾಯಿತು.

ಮೊದಲು ಸಾನ್ ಲುಯಿಜಿ ದೇಯಿ ಫ್ರಾಂಚೇಜಿ ಚರ್ಚಿಗೆ ಹೋಗು. ಪಿಯಾಜ್ಜಾ ನವೋನಾ ಚೌಕದಿಂದ ನಾಲ್ಕು ಹೆಜ್ಜೆ. ಒಳಗೆ ಎಡಸಾಲಿನ ಕೊನೆಯ ಪುಟ್ಟ ಗುಡಿಯಲ್ಲಿ ಕಾರವಾಜ್ಜೊ ಬರೆದ ಮೂರು ದೊಡ್ಡ ಚಿತ್ರಗಳಿವೆ. 1600ರ ಆಸುಪಾಸಿನಲ್ಲಿ ಆ ಗೋಡೆಗಳಿಗೆಂದೇ ಬರೆದವು, ಈಗಲೂ ಅಲ್ಲೇ ಇವೆ. ನಾವು ಹೋದಾಗ ಅರೆಗತ್ತಲೆ. ಪಕ್ಕದ ಪೆಟ್ಟಿಗೆಗೆ ಯಾರೋ ಒಂದು ನಾಣ್ಯ ಹಾಕಿದರು, ದೀಪ ಹತ್ತಿತು. ಎಡಗೋಡೆಯ ಚಿತ್ರದಲ್ಲಿ ಸುಂಕದವರು ಮೇಜಿನ ಸುತ್ತ ಕೂತು ದುಡ್ಡು ಎಣಿಸುತ್ತಿದ್ದಾರೆ. ಬಲಗಡೆಯಿಂದ ಬೆಳಕು ಓರೆಯಾಗಿ ಬೀಳುತ್ತದೆ, ಕತ್ತಲಲ್ಲಿ ನಿಂತ ಯೇಸು ಕೈ ಚಾಚಿ ಅವರಲ್ಲೊಬ್ಬನಾದ ಮತ್ತಾಯನನ್ನು ಕರೆಯುತ್ತಾನೆ. ಮೇಜಿನ ತುದಿಯ ಹುಡುಗ ತಲೆ ಎತ್ತುವುದೇ ಇಲ್ಲ, ನಾಣ್ಯದ ಮೇಲಿಂದ ಅವನ ಕಣ್ಣು ಸರಿಯುವುದಿಲ್ಲ. ನಾನು ಅವನನ್ನೇ ನೋಡುತ್ತಾ ನಿಂತುಬಿಟ್ಟೆ. ದೀಪ ಆರಿತು, ಇನ್ಯಾರೋ ಮತ್ತೆ ಹತ್ತಿಸಿದರು. ಅಲ್ಲಿ ಅವಸರ ಮಾಡಬೇಡ. ಮಧ್ಯಾಹ್ನ ಚರ್ಚುಗಳು ಒಂದೆರಡು ತಾಸು ಬಾಗಿಲು ಹಾಕುತ್ತವೆ, ಬೆಳಿಗ್ಗೆಯೇ ಹೋಗು. ಭುಜ, ಮೊಣಕಾಲು ಮುಚ್ಚಿರಬೇಕು, ಒಂದು ದುಪಟ್ಟಾ ಚೀಲದಲ್ಲಿರಲಿ.

ಸಾನ್ ಪಿಯೆತ್ರೊ ಇನ್ ವಿಂಕೋಲಿ ಚರ್ಚಿನಲ್ಲಿ ಮೈಕೆಲೇಂಜೆಲೊ ಕೆತ್ತಿದ ಮೋಶೆ ಇದ್ದಾನೆ, ವ್ಯಾಟಿಕನ್‌ನ ಸಂತ ಪೀಟರನ ಬಸಿಲಿಕಾದಲ್ಲಿ ಅವನದೇ ಪಿಯೆತಾ, ಸತ್ತ ಮಗನನ್ನು ಮಡಿಲಲ್ಲಿಟ್ಟುಕೊಂಡ ಮರಿಯಳ ಶಿಲ್ಪ. ಎರಡಕ್ಕೂ ದುಡ್ಡಿಲ್ಲ. ಬಸಿಲಿಕಾದ ತಪಾಸಣೆಯ ಸಾಲು ಮಾತ್ರ ಉದ್ದ, ಬೆಳಗಾಗುತ್ತಲೇ ಹೋದರೆ ಕಷ್ಟವಿಲ್ಲ.

ಪ್ಯಾಂಥಿಯನ್ ಅನ್ನುವ ಹಳೇ ರೋಮನ್ ಗುಡಿಗೆ 2023ರಲ್ಲಿ 5 ಯೂರೋ ಟಿಕೆಟ್ ಶುರುಮಾಡಿದರು. ಕೊಡು. ಸುಮಾರು ಸಾವಿರದ ಒಂಬೈನೂರು ವರ್ಷದ ಗುಮ್ಮಟ ಅದು, ಒಳಗೆ ಕಬ್ಬಿಣದ ಒಂದು ಸರಳೂ ಇಲ್ಲ. ಮೇಲೆ ಹೋದಂತೆ ಗಾರೆಗೆ ಹಗುರ ಕಲ್ಲು ಬೆರೆಸುತ್ತಾ ಹೋಗಿದ್ದಾರೆ, ಗೋಡೆಯನ್ನೂ ತೆಳುವಾಗಿಸುತ್ತಾ ಬಂದಿದ್ದಾರೆ. ಅಗಲ 43.3 ಮೀಟರ್, ನೆಲದಿಂದ ಎತ್ತರವೂ ಅಷ್ಟೇ. ನೆತ್ತಿಯಲ್ಲಿ ಬಯಲಿಗೆ ತೆರೆದ ಕಿಂಡಿಯಿದೆ. ನೀನು ಅಲ್ಲಿರುವಾಗ ಮಳೆ ಬಂದರೆ ಬೇರೆಲ್ಲ ಬಿಟ್ಟು ಅಲ್ಲಿಗೆ ಓಡು. ಮಳೆ ನೇರ ಒಳಗೇ ಸುರಿಯುತ್ತದೆ, ನೆಲದ ಸಣ್ಣ ತೂತುಗಳಲ್ಲಿ ಇಳಿದು ಹೋಗುತ್ತದೆ.

ನೀರಿನ ಬಾಟಲಿ ಕೊಳ್ಳಬೇಡ, ಖಾಲಿ ಬಾಟಲಿ ಒಯ್ಯಿ. ಬೀದಿ ಬೀದಿಯಲ್ಲಿ ನಾಸೋನಿ ಅನ್ನುವ ಕಬ್ಬಿಣದ ನಲ್ಲಿಗಳಿವೆ, ಊರಿಗೆಲ್ಲ ಸುಮಾರು 2,500. 1874ರಲ್ಲಿ ಹಾಕಲು ಶುರುಮಾಡಿದ್ದಂತೆ. ಬಗ್ಗಿದ ಕೊಳವೆಯ ಬಾಯಿಯನ್ನು ಬೆರಳಲ್ಲಿ ಒತ್ತಿ ಹಿಡಿ, ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಹಾಗೇ ಬಾಯೊಡ್ಡಿ ಕುಡಿ. ಒಳ್ಳೆಯ ತಣ್ಣನೆಯ ನೀರು.

ಊಟಕ್ಕೆ ಪಿಜ್ಜಾ ಅಲ್ ತಾಲ್ಯೊ ಅಂಗಡಿಗಳೇ ಸಾಕು. ಎಷ್ಟು ಬೇಕೋ ಕೈಯಲ್ಲಿ ತೋರಿಸಿದರೆ ಅಷ್ಟು ಕತ್ತರಿಸಿ ತೂಗಿ ಕೊಡುತ್ತಾರೆ. ಆಲೂಗಡ್ಡೆ ಹಾಕಿದ್ದು ನನಗೆ ತುಂಬಾ ಹಿಡಿಸಿತು. ಸುಪ್ಲೀ ಅನ್ನುವ ಕರಿದ ಅನ್ನದುಂಡೆಯಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ, ಕೇಳಿ ತಗೋ. ಪೆಕೊರೀನೊ ರೊಮಾನೊ ಅನ್ನುವ ಕುರಿಹಾಲಿನ ಚೀಸನ್ನು ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕಿ ಮಾಡುತ್ತಾರೆ. ತಿನ್ನುವುದು ಬಿಡುವುದು ನಿನಗೆ ಬಿಟ್ಟಿದ್ದು, ಗೊತ್ತಿರಲಿ ಅಂತ ಹೇಳಿದೆ. ಕಾಫಿಯನ್ನು ಕೌಂಟರಿನಲ್ಲಿ ನಿಂತೇ ಕುಡಿ, ಕೂತರೆ ಬೆಲೆ ಏರುತ್ತದೆ. ಅಲ್ಲಿನವರೂ ನಿಂತೇ ಕುಡಿಯುವುದು, ಸಂಕೋಚ ಬೇಡ.

ಉಳಿಸಬಾರದ ಕಡೆ ಮಾತ್ರ ಉಳಿಸಬೇಡ ಮಗಳೇ. ಹಾಸ್ಟೆಲ್ಲಿನಲ್ಲಿ ಹೆಂಗಸರ ಡಾರ್ಮಿಟರಿ, ಬೀಗ ಹಾಕುವ ಕಪಾಟು ಇದ್ದರೆ ಐದಾರು ಯೂರೋ ಹೆಚ್ಚಾದರೂ ಅದನ್ನೇ ಹಿಡಿ. ತೆರ್ಮಿನಿ ರೈಲು ನಿಲ್ದಾಣದಿಂದ ವ್ಯಾಟಿಕನ್ ಕಡೆ ಹೋಗುವ 64ನೇ ಬಸ್ಸು ಜೇಬುಗಳ್ಳರಿಗೆ ಹೆಸರುವಾಸಿ, ಚೀಲ ಎದೆಯ ಮೇಲಿರಲಿ. ಬಸ್ ಟಿಕೆಟ್ಟಿಗೆ ಹತ್ತಿದೊಡನೆ ಮುದ್ರೆ ಒತ್ತಿಸು, ಇಲ್ಲದಿದ್ದರೆ ದಂಡ. ಕೊಲೋಸಿಯಂನಲ್ಲಿ 18ರಿಂದ 25 ವಯಸ್ಸಿನವರಿಗೆ ಇರುವ 2 ಯೂರೋ ರಿಯಾಯಿತಿ ಯುರೋಪ್ ಒಕ್ಕೂಟದ ಪ್ರಜೆಗಳಿಗೆ, ನಮ್ಮ ಪಾಸ್‌ಪೋರ್ಟಿಗೆ ಸಿಗದು. ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಉಚಿತ ನಿಜ, ಆದರೆ ಆ ನೂಕುನುಗ್ಗಲಿನಲ್ಲಿ ಏನು ನೋಡುತ್ತೀಯ? ಬೇರೆ ದಿನ ಹೋಗು. ಅದೇ ಟಿಕೆಟ್ಟಿನಲ್ಲಿ ಹಳೇ ರೋಮಿನ ಪೇಟೆಚೌಕವಾದ ಫೋರಮ್ಮೂ ಪಾಲಟೈನ್ ಗುಡ್ಡವೂ ಸೇರಿವೆ, ಅರ್ಧ ದಿನ ಬೇಕೇಬೇಕು.

ಆ ಟಿಕೆಟ್ಟಿನ ದುಡ್ಡು ನಾಳೆ ನಿನ್ನ ಅಕೌಂಟಿಗೆ ಹಾಕುತ್ತೇನೆ, ಬೇಡ ಅನ್ನಬೇಡ. ದಿನಾಂಕ ಗೊತ್ತಾದ ಕೂಡಲೇ ಫೋನ್ ಮಾಡು.

ನಿನ್ನ,
ಅಮ್ಮ