ಹತ್ತು ದಿನ ಆಸ್ಪತ್ರೆಯಲ್ಲಿದ್ದರೆ ಚಿಕಿತ್ಸೆ ಮುಗಿಯಿತೇ?

ಮಾನ್ಯ ಸಂಪಾದಕರೇ,

‘ಗಾಂಜಾ ವಶ, ಇಬ್ಬರ ಬಂಧನ’ ಎಂಬ ತಲೆಬರಹ ಕೋಲಾರದ ಪುಟದಲ್ಲಿ ಆಗಾಗ ಕಾಣುತ್ತದೆ. ಎಷ್ಟು ಕಿಲೊ, ಯಾವ ಠಾಣೆ, ಯಾವ ಕಲಂ ಎಲ್ಲವೂ ಅದರಲ್ಲಿರುತ್ತವೆ. ಅದನ್ನು ಓದುವ ಕೆಲವು ಮನೆಗಳಲ್ಲಿ ಚಟಕ್ಕೆ ಬಿದ್ದ ಮಗನೋ ತಮ್ಮನೋ ಇರುತ್ತಾನೆ. ಬಾಯಿ ಬಿಟ್ಟರೆ ಪೊಲೀಸರು ಬರುತ್ತಾರೆ ಎಂಬುದಷ್ಟೇ ಆ ಮನೆಯವರಿಗೆ ಸುದ್ದಿಯಿಂದ ತಿಳಿಯುತ್ತದೆ. ಹಾಗಾಗಿ ಹುಡುಗನನ್ನು ಕೋಣೆಯಲ್ಲಿ ಕೂಡಿಹಾಕುತ್ತಾರೆ, ದೇವರ ಮುಂದೆ ಆಣೆ ಮಾಡಿಸುತ್ತಾರೆ. ಅದ್ಯಾವುದೂ ನಡೆಯದಿದ್ದಾಗ ಆಸ್ಪತ್ರೆ ನೆನಪಾಗುತ್ತದೆ. ಅಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ.

ಮೊದಲು ಪೊಲೀಸರ ಭಯದ ಮಾತು. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 64ಎ ಎಂಬ ಕಲಂ ಇದೆ. ಸೇವನೆಯ ಆರೋಪವೋ ಅಲ್ಪ ಪ್ರಮಾಣದ ಮಾದಕ ವಸ್ತುವಿನ ಆರೋಪವೋ ಇರುವ ವ್ಯಸನಿ ತಾನಾಗಿಯೇ ಮುಂದೆ ಬಂದು ಸರ್ಕಾರಿ ಆಸ್ಪತ್ರೆಯಲ್ಲಿ ಅಥವಾ ಸರ್ಕಾರದ ಮಾನ್ಯತೆ ಇರುವ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ, ಆ ಆರೋಪದ ವಿಚಾರಣೆಯಿಂದ ಅವನಿಗೆ ರಕ್ಷಣೆ ಸಿಗುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂಪಡೆಯಬಹುದು. ಮಾರುವವರಿಗೆ ಇದು ಅನ್ವಯಿಸುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮಾನಸಿಕ ತೊಂದರೆಗಳನ್ನೂ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ರೋಗಿಯ ಮಾಹಿತಿಯನ್ನು ಗುಟ್ಟಾಗಿಡುವುದು ಅದರ ಪ್ರಕಾರ ಆಸ್ಪತ್ರೆಯ ಕರ್ತವ್ಯ.

ಇನ್ನು ಕೂಡಿಹಾಕುವ ವಿಚಾರ. ವಸ್ತು ಯಾವುದು ಎಂದು ತಿಳಿಯದೆ ಹೀಗೆ ಮಾಡುವುದು ಅಪಾಯ. ಗಾಂಜಾ ನಿಲ್ಲಿಸಿದವನಿಗೆ ಮೊದಲ ವಾರ ನಿದ್ದೆ ಬಾರದು, ಊಟ ಸೇರದು, ಸಿಟ್ಟು ನೆತ್ತಿಗೇರುತ್ತದೆ. ಸುಮಾರು ಎರಡು ವಾರದಲ್ಲಿ ಇಳಿಯುತ್ತದೆ, ಜೀವಕ್ಕೆ ಕುತ್ತಿಲ್ಲ. ಆದರೆ ಯಾರೋ ಕಿವಿಯಲ್ಲಿ ಮಾತಾಡುತ್ತಿದ್ದಾರೆ, ಎಲ್ಲರೂ ತನ್ನ ಹಿಂದೆ ಬಿದ್ದಿದ್ದಾರೆ ಎನ್ನತೊಡಗಿದರೆ ಅದೇ ದಿನ ಮನೋವೈದ್ಯರಿಗೆ ತೋರಿಸಬೇಕು. ಹೆರಾಯಿನ್, ಬ್ರೌನ್ ಶುಗರ್ ಅಥವಾ ಟಪೆಂಟಡಾಲ್‌ನಂಥ ನೋವಿನ ಮಾತ್ರೆಯ ಚಟವಾದರೆ ನಿಲ್ಲಿಸಿದ 8ರಿಂದ 12 ಗಂಟೆಗೆ ಮೈಕೈ ನೋವು, ಮೂಗು ಸೋರುವುದು, ವಾಂತಿ, ಭೇದಿ ಶುರುವಾಗುತ್ತವೆ. ಎರಡು–ಮೂರನೇ ದಿನ ಇವೆಲ್ಲ ತಾರಕಕ್ಕೇರುತ್ತವೆ. ನಿದ್ದೆ ಮಾತ್ರೆಯನ್ನೋ ವಿಪರೀತ ಮದ್ಯವನ್ನೋ ತಿಂಗಳುಗಟ್ಟಲೆ ಸೇವಿಸಿದವನು ಒಮ್ಮೆಲೇ ಬಿಟ್ಟರೆ ಮಾತ್ರ ಜೀವಕ್ಕೇ ಅಪಾಯ. ಮದ್ಯ ಬಿಟ್ಟ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಮೂರನೇ ದಿನದ ಹೊತ್ತಿಗೆ ಬುದ್ಧಿ ಭ್ರಮಿಸಿ ಪ್ರಾಣವೇ ಹೋಗಬಹುದು. ಇವರಿಗೆ ವೈದ್ಯರು ಡಯಾಜೆಪಾಮ್‌ನಂಥ ಔಷಧವನ್ನು ಕೊಟ್ಟು ದಿನದಿಂದ ದಿನಕ್ಕೆ ಇಳಿಸುತ್ತಾ ಬರುತ್ತಾರೆ. ಎರಡು ಮೂರು ವಸ್ತುಗಳನ್ನು ಬೆರೆಸಿ ಸೇವಿಸುವವರೂ ಹಲವರಿದ್ದಾರೆ. ಆದ್ದರಿಂದ ವೈದ್ಯರ ಮುಂದೆ ಗಾಂಜಾ ಎಂದಷ್ಟೇ ಹೇಳಿ ಮಾತ್ರೆಯ ವಿಷಯ ಮುಚ್ಚಿಡಬಾರದು. ಮನೆಯಲ್ಲಿ ಸಿಕ್ಕ ಖಾಲಿ ಸ್ಟ್ರಿಪ್ ಇದ್ದರೆ ಜೊತೆಗೇ ತನ್ನಿ. ನಿಮ್ಮ ಅರ್ಧ ಗಂಟೆಯ ವಿವರಣೆಗಿಂತ ಅದು ಹೆಚ್ಚು ಹೇಳುತ್ತದೆ.

ದೇಹದಿಂದ ವಸ್ತುವನ್ನು ಇಳಿಸುವ ಈ ಘಟ್ಟ ಸಾಮಾನ್ಯವಾಗಿ ಒಂದರಿಂದ ಎರಡು ವಾರ. ಹುಡುಗ ಮೈ ತುಂಬಿಕೊಂಡು, ಮುಖ ಕಳೆಯಾಗಿ ಮನೆಗೆ ಬರುತ್ತಾನೆ. ‘ಸರಿಹೋದ’ ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಚಿಕಿತ್ಸೆ ಹಳಿ ತಪ್ಪುವುದು ಇಲ್ಲಿಯೇ. ಮಿದುಳಿನ ಒಳಗಿನ ಸೆಳೆತ ಇನ್ನೂ ಹಾಗೇ ಇರುತ್ತದೆ, ಅದು ಸಡಿಲವಾಗಲು ತಿಂಗಳುಗಳು ಬೇಕು. ಒಳರೋಗಿ, ಹೊರರೋಗಿ ಎರಡೂ ಸೇರಿ 90 ದಿನಕ್ಕಿಂತ ಕಡಿಮೆ ಅವಧಿಯ ಚಿಕಿತ್ಸೆಯ ಫಲ ಬಹಳ ಸೀಮಿತ ಎಂಬುದು ಈ ಕ್ಷೇತ್ರದ ತಜ್ಞರ ಅನುಭವ. ವರ್ಷವಿಡೀ ಫಾಲೋಅಪ್‌ಗೆ ಬರುವವರೇ ಹೆಚ್ಚಾಗಿ ಚಟದಿಂದ ದೂರ ಉಳಿಯುವವರು.

ಹೆರಾಯಿನ್, ನೋವಿನ ಮಾತ್ರೆಗಳ ಚಟವಿದ್ದವರಿಗಂತೂ ಮನೆಗೆ ಬಂದ ಮೊದಲ ಕೆಲವು ವಾರ ಅತ್ಯಂತ ಅಪಾಯಕಾರಿ. ಹಳೆಯ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿಯನ್ನು ದೇಹ ಕಳೆದುಕೊಂಡಿರುತ್ತದೆ. ‘ಒಂದೇ ಒಂದು ಸಲ’ ಎಂದು ಹಿಂದಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ತುಟಿ ನೀಲಿಗಟ್ಟಿ, ಗಂಟಲಲ್ಲಿ ಗೊರಗೊರ ಸದ್ದು ಬರುತ್ತಿದ್ದರೆ ಅದು ನಿದ್ದೆಯಲ್ಲ. 108ಕ್ಕೆ ಕರೆ ಮಾಡಿ, ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ಮುಖಕ್ಕೆ ನೀರೆರಚುವುದು, ವಾಂತಿ ಮಾಡಿಸುವುದು, ಬಾಯಿಗೆ ಮಜ್ಜಿಗೆ ಹುಯ್ಯುವುದು ಬೇಡ. ಆಸ್ಪತ್ರೆಯಲ್ಲಿ ನ್ಯಾಲೊಕ್ಸೋನ್ ಚುಚ್ಚುಮದ್ದು ನಿಮಿಷಗಳಲ್ಲಿ ಉಸಿರು ಮರಳಿಸುತ್ತದೆ. ಏನು ತೆಗೆದುಕೊಂಡಿದ್ದ ಎಂಬುದನ್ನು ಅಲ್ಲಿ ಮಾತ್ರ ಸುಳ್ಳು ಹೇಳಬೇಡಿ.

ಈ ಸಾವುಗಳನ್ನು ತಪ್ಪಿಸುವ ಔಷಧವಿದೆ. ನಾಲಗೆಯ ಅಡಿಯಲ್ಲಿಟ್ಟು ಕರಗಿಸುವ ಬ್ಯುಪ್ರೆನಾರ್ಫಿನ್ ಮಾತ್ರೆ ಅದು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಇದನ್ನೂ ಇದೇ ಕೆಲಸಕ್ಕೆ ಬಳಸುವ ಮೆಥಡೋನ್ ಎಂಬ ಔಷಧವನ್ನೂ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ‘ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸುತ್ತೀರಾ?’ ಎಂದು ತಾಯಂದಿರು ಕೇಳುವುದು ಸಹಜ. ಆದರೆ ಈ ಮಾತ್ರೆ ನಶೆಯ ಉಬ್ಬರವಿಳಿತವಿಲ್ಲದೆ ಇಡೀ ದಿನ ಸೆಳೆತವನ್ನು ತಡೆಯುತ್ತದೆ. ಒಂದು ಮಿತಿಯಾಚೆ ಪ್ರಮಾಣ ಹೆಚ್ಚಿಸಿದರೂ ಪರಿಣಾಮ ಅಷ್ಟಾಗಿ ಹೆಚ್ಚುವುದಿಲ್ಲ. ಹುಡುಗ ಕೆಲಸಕ್ಕೆ ಹೋಗಿಬರಬಲ್ಲ. ಮೊದಲ ಮಾತ್ರೆಯನ್ನು ಹೆರಾಯಿನ್ ತೆಗೆದುಕೊಂಡು ಕನಿಷ್ಠ 12 ಗಂಟೆಯಾಗಿ, ಮೈನೋವು ಶುರುವಾದ ಮೇಲೆಯೇ ಕೊಡಬೇಕು. ಮೊದಲೇ ಕೊಟ್ಟರೆ ಎಲ್ಲ ಯಾತನೆಯೂ ಒಟ್ಟಿಗೇ ಎರಗಿ ಅವನು ಆಸ್ಪತ್ರೆಯತ್ತ ತಲೆಹಾಕುವುದಿಲ್ಲ. ಇದರ ಜೊತೆ ಮದ್ಯ, ನಿದ್ದೆ ಮಾತ್ರೆ ಸೇರಿಸಿದರೆ ಜೀವಕ್ಕೆ ಅಪಾಯ. ‘ಸಾಕು, ಆರಾಮಾಗಿದ್ದಾನೆ’ ಎಂದು ಮನೆಯವರೇ ನಿಲ್ಲಿಸುವುದು ನಾವು ಪದೇ ಪದೇ ಕಾಣುವ ತಪ್ಪು. ಬಿ.ಪಿ. ಮಾತ್ರೆಯನ್ನು ಬಿ.ಪಿ. ಸರಿಯಿದೆ ಎಂದು ನಿಲ್ಲಿಸುತ್ತೇವೆಯೇ?

ಗಾಂಜಾಕ್ಕೆ, ಪಂಕ್ಚರ್ ಸೊಲ್ಯೂಷನ್ ಮೂಸುವ ಚಟಕ್ಕೆ ಇಂಥ ಮಾತ್ರೆ ಇಲ್ಲ. ಅಲ್ಲಿ ಆಪ್ತಸಮಾಲೋಚನೆಯೇ ಮುಖ್ಯ ಔಷಧ. ಅದು ಬುದ್ಧಿಮಾತಲ್ಲ. ಆಸೆ ಯಾವಾಗ ಕೆರಳುತ್ತದೆ ಎಂದು ರೋಗಿಯೇ ಬರೆದಿಡುತ್ತಾನೆ: ಸಂಬಳದ ದಿನ, ಟೊಮೆಟೊ ಮಂಡಿಯ ರಾತ್ರಿ ಪಾಳಿ ಮುಗಿದ ಹೊತ್ತು, ಯಾವುದೋ ಒಬ್ಬನ ಫೋನ್. ಆಸೆಯ ಅಲೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಷ್ಟು ಹೊತ್ತು ಎಲ್ಲಿರಬೇಕು, ಯಾರಿಗೆ ಫೋನ್ ಮಾಡಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡು ಅಭ್ಯಾಸ ಮಾಡುತ್ತಾನೆ. ಹಣ ಕೆಲಕಾಲ ಮನೆಯವರ ಕೈಯಲ್ಲಿರಲಿ, ಆದರೆ ಅವನು ಒಪ್ಪಿದ ಮೇಲೆ. ಮೆಡಿಕಲ್ ಶಾಪಿನಿಂದ ಮೂತ್ರ ಪರೀಕ್ಷೆಯ ಕಿಟ್ ತಂದು ಜಗಳ ತೆಗೆಯಬೇಡಿ. ದಿನವೂ ಗಾಂಜಾ ಸೇದುತ್ತಿದ್ದವನ ಮೂತ್ರದಲ್ಲಿ ಬಿಟ್ಟು ಮೂರು ನಾಲ್ಕು ವಾರವಾದರೂ ಅದರ ಅಂಶ ಸಿಗಬಹುದು. ನಿಜವಾಗಿ ಬಿಟ್ಟವನನ್ನೇ ಕಳ್ಳನೆಂದಂತಾಗುತ್ತದೆ.

ಮತ್ತೆ ಶುರುವಾದರೆ? ಆಗಬಹುದು, ಹಲವರಿಗೆ ಆಗುತ್ತದೆ. ಆಗ ಬಯ್ದು ಹೊರಹಾಕದೆ ಅದೇ ವಾರ ವೈದ್ಯರ ಬಳಿ ಕರೆದುಕೊಂಡು ಬಂದರೆ, ಮೊದಲ ಚಿಕಿತ್ಸೆಯ ಗಳಿಕೆ ಪೂರ್ತಿ ಹಾಳಾಗುವುದಿಲ್ಲ.

ಖಾಸಗಿ ಕೇಂದ್ರಕ್ಕೆ ಸೇರಿಸುವವರು ಮೊದಲು ನೋಡಬೇಕಾದ್ದು 2017ರ ಕಾಯ್ದೆಯಡಿಯ ನೋಂದಣಿ ಪತ್ರ. ಮನೋವೈದ್ಯರು ಯಾವ ದಿನ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಎಲ್ಲಿಗೆ ಒಯ್ಯುತ್ತಾರೆ, ಯಾವ ಮಾತ್ರೆ ಕೊಡುತ್ತಾರೆ ಎಂದು ಕೇಳಿ, ಬರೆಸಿಕೊಳ್ಳಿ. ಸರಪಳಿ ಹಾಕುವುದು ಕಾನೂನಿನಲ್ಲಿ ನಿಷಿದ್ಧ. ಒಪ್ಪದವನನ್ನು ದಾಖಲಿಸಲು ತಂದೆಯ ಸಹಿಯೊಂದೇ ಸಾಲದು. ಒಬ್ಬ ಮನೋವೈದ್ಯರು, ಜೊತೆಗೆ ಇನ್ನೊಬ್ಬ ವೈದ್ಯರೋ ಮಾನಸಿಕ ಆರೋಗ್ಯ ತಜ್ಞರೋ ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಆ ದಾಖಲಾತಿಯ ಮಿತಿ 30 ದಿನ. ಬಡಿದು ಬಿಡಿಸುತ್ತೇವೆ ಎನ್ನುವ ಕಡೆಯಿಂದ ಬಂದವನು ಆಮೇಲೆ ನಿಜವಾದ ಆಸ್ಪತ್ರೆಗೂ ಹೆದರುತ್ತಾನೆ.

ನಮ್ಮ ಜಿಲ್ಲೆಯವರು ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕಾಣಬಹುದು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬಂದು ನೋಡುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಯಾವ ವಾರ ಎಂದು ಮೊದಲೇ ವಿಚಾರಿಸಿಕೊಂಡರೆ ಓಡಾಟ ಉಳಿಯುತ್ತದೆ. ತೊಡಕಿನ ಪ್ರಕರಣಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೂ ಒಂದು ಕೋರಿಕೆ: ತಿಂಗಳಿಗೆರಡು ಸಲ ಅರ್ಧ ದಿನದ ರಜೆ ಕೊಟ್ಟರೆ ಒಬ್ಬ ಕೆಲಸಗಾರನ ಫಾಲೋಅಪ್ ತಪ್ಪುವುದಿಲ್ಲ. ಬೆಳಗಿನ ಓಪಿಡಿ ಸಮಯಕ್ಕೇ ಶಿಫ್ಟ್ ಬಿದ್ದು ಚಿಕಿತ್ಸೆ ನಿಲ್ಲಿಸಿದವರಿದ್ದಾರೆ.

ತಮ್ಮಲ್ಲಿ ಕೇಳಿಕೊಳ್ಳುವುದಿಷ್ಟು. ಬಂಧನದ ಸುದ್ದಿ ಅಚ್ಚಾದಾಗಲೆಲ್ಲ ಅದರ ಕೆಳಗೆ ವ್ಯಸನಮುಕ್ತಿ ಸಹಾಯವಾಣಿ 14446, ಕನ್ನಡದಲ್ಲಿ ದಿನದ 24 ಗಂಟೆಯೂ ಮಾತನಾಡುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಇವೆರಡನ್ನೂ ಹಾಕಿ. ತಾನಾಗಿ ಚಿಕಿತ್ಸೆಗೆ ಬಂದವರಿಗೆ 64ಎ ಕಲಮಿನ ರಕ್ಷಣೆ ಇದೆ ಎಂಬುದನ್ನೂ ಸೇರಿಸಿ. ಅದಕ್ಕೆ ಎರಡು ಸಾಲಿನ ಜಾಗ ಸಾಕು.

– ವ್ಯಸನ ಚಿಕಿತ್ಸೆಯ ಆಪ್ತಸಮಾಲೋಚಕರು ಮತ್ತು ಶುಶ್ರೂಷಕರು, ಕೋಲಾರ